ಪರದೇಶದ ಮನೆ: ಹಣ ಹೋದ ದಾರಿಯಲ್ಲೇ ವಾಪಸ್ ಬರಬೇಕು

ಬೇರೆ ದೇಶದಲ್ಲಿ ಮನೆ ಕೊಳ್ಳಬಹುದೇ ಅಂತ ಕೇಳಿದರೆ ಮಾರುವವರೆಲ್ಲ "ಧಾರಾಳವಾಗಿ" ಅಂತಲೇ ಹೇಳುತ್ತಾರೆ. ಆ ಮಾತು ಸುಳ್ಳಲ್ಲ, ಅರ್ಧ ಸತ್ಯ. ದುಡ್ಡು ಕೊಟ್ಟ ಮೇಲೆ ನಿಮ್ಮ ಹೆಸರಿಗೆ ಬರುವುದು ನೆಲವೋ, ಬರೀ ಫ್ಲ್ಯಾಟೋ, ಮೂವತ್ತು ವರ್ಷದ ಗುತ್ತಿಗೆಯೋ, ಇಲ್ಲಾ ಇನ್ನೊಬ್ಬರ ಹೆಸರಿನಲ್ಲಿರುವ ಆಸ್ತಿಯ ಮೇಲೊಂದು ಕರಾರೋ? ನಾಳೆ ಮಾರಿದರೆ ಆ ಹಣ ಗಡಿ ದಾಟಿ ನಿಮ್ಮ ಖಾತೆಗೆ ಬರಲು ಯಾವ ಕಾಗದ ಬೇಕು? ಈ ಎರಡಕ್ಕೂ ಉತ್ತರ ಸಿಗುವ ತನಕ ಮುಂಗಡದ ಮಾತೇ ಬೇಡ. ಮಾರುವಾಗ ಬರುವ ತೊಂದರೆಯ ಬೇರು ಸಾಮಾನ್ಯವಾಗಿ ಕೊಂಡ ವಾರದಲ್ಲೇ ಇರುತ್ತದೆ. ಆ ವಾರ ತೆಗೆದಿಡದ ಒಂದು ಕಾಗದಕ್ಕಾಗಿ ಹತ್ತು ವರ್ಷದ ಮೇಲೆ ಅಲೆದಾಡಬೇಕಾಗುತ್ತದೆ.

ಬಾಗಿಲು ತೆರೆದಿರುವ ಕಡೆ, ಮುಚ್ಚಿರುವ ಕಡೆ

ಬ್ರಿಟನ್, ಫ್ರಾನ್ಸ್, ಸ್ಪೇನ್, ಪೋರ್ಚುಗಲ್, ಜಪಾನ್‌ಗಳಲ್ಲಿ ವಿದೇಶಿಯರು ನೆಲ ಸಮೇತ ಮನೆ ಕೊಳ್ಳಬಹುದು. ಹಾಗಂತ ಸ್ಥಳೀಯರಷ್ಟೇ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ ಅಂದುಕೊಳ್ಳಬಾರದು. ಇಂಗ್ಲೆಂಡ್‌ನಲ್ಲಿ 2021ರ ಏಪ್ರಿಲ್ 1ರಿಂದ ಅಲ್ಲಿ ವಾಸವಿಲ್ಲದವರು ಮುದ್ರಾಂಕ ತೆರಿಗೆಯ ದರಕ್ಕೆ ಇನ್ನೂ 2% ಸೇರಿಸಿ ಕೊಡಬೇಕು. ಸಿಂಗಾಪುರದಲ್ಲಿ 2023ರ ಏಪ್ರಿಲ್ 27ರಿಂದ ವಿದೇಶಿಯರಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ ಬೆಲೆಯ 60%. ಬಾಗಿಲು ತೆರೆದಿದೆ, ಹೊಸ್ತಿಲು ಮಾತ್ರ ಎದೆ ಎತ್ತರಕ್ಕಿದೆ.

ಮುಚ್ಚಿರುವ ಕಡೆಗಳೂ ಇವೆ. ಕೆನಡಾದಲ್ಲಿ ವಿದೇಶಿಯರು ನಗರ ಪ್ರದೇಶದಲ್ಲಿ ವಾಸದ ಮನೆ ಕೊಳ್ಳುವುದಕ್ಕೆ 2023ರ ಜನವರಿ 1ರಿಂದ ನಿಷೇಧವಿದೆ. ಮೊದಲು ಎರಡು ವರ್ಷಕ್ಕೆ ಅಂತ ಬಂದದ್ದನ್ನು 2027ರ ಜನವರಿ 1ರವರೆಗೆ ವಿಸ್ತರಿಸಿದರು. ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ ಎರಡು ವರ್ಷಕ್ಕೆ ಅಂತ ಹಳೆಯ ಮನೆಗಳ ಬಾಗಿಲು ಮುಚ್ಚಿತು. ಹೊಸದಾಗಿ ಕಟ್ಟುವ ಮನೆಗೆ ವಿದೇಶಿ ಹೂಡಿಕೆಯ ಅನುಮತಿ ಪಡೆದು ಮುಂದುವರಿಯಬೇಕು. ನ್ಯೂಜಿಲೆಂಡ್ 2018ರಲ್ಲೇ ಬಿಗಿ ಮಾಡಿತು, ಆಸ್ಟ್ರೇಲಿಯಾ ಮತ್ತು ಸಿಂಗಾಪುರದವರಿಗೆ ವಿನಾಯಿತಿ ಇಟ್ಟುಕೊಂಡು. ಸ್ವಿಟ್ಜರ್ಲೆಂಡ್‌ನಲ್ಲಿ ಹೊರಗಿನವರಿಗೆ ಸಿಗುವ ರಜಾ ಮನೆಗಳ ಪರವಾನಗಿ ಇಡೀ ದೇಶಕ್ಕೆ ವರ್ಷಕ್ಕೆ 1,500.

ಅಮೆರಿಕದಲ್ಲಿ ಒಕ್ಕೂಟದ ಮಟ್ಟದಲ್ಲಿ ಮನೆ ಕೊಳ್ಳಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ರಾಜ್ಯದ ಕಾನೂನು ಬೇರೆ. ಚೀನಾ, ರಷ್ಯಾ, ಇರಾನ್ ಮುಂತಾದ ಕೆಲವು ದೇಶಗಳವರಿಗೆ ಫ್ಲಾರಿಡಾ 2023ರಲ್ಲಿ ನಿರ್ಬಂಧ ಹಾಕಿತು. ಹಾಗಾಗಿ ದೇಶ ನೋಡಿದರೆ ಸಾಲದು, ರಾಜ್ಯವನ್ನೂ ನಿಮ್ಮ ಪಾಸ್‌ಪೋರ್ಟನ್ನೂ ಜೊತೆಗಿಟ್ಟು ನೋಡಬೇಕು. ಕೃಷಿ ಜಮೀನಿನ ಲೆಕ್ಕ ಹಲವು ಕಡೆ ಪ್ರತ್ಯೇಕ. ಜಾರ್ಜಿಯಾ ದೇಶದಲ್ಲಿ (ಅಮೆರಿಕದ ರಾಜ್ಯವಲ್ಲ) ಫ್ಲ್ಯಾಟನ್ನು ಪಾಸ್‌ಪೋರ್ಟ್ ತೋರಿಸಿ ಕೆಲವೇ ದಿನಗಳಲ್ಲಿ ನೋಂದಣಿ ಮಾಡಿಸಬಹುದು, ಕೃಷಿ ಭೂಮಿ ಮಾತ್ರ ವಿದೇಶಿಯರ ಕೈಗೆ ಸಿಗುವುದಿಲ್ಲ. ಹಳೆಯ ತೋಟದ ಮನೆ ಕಂಡು ಮನಸ್ಸು ಸೋಲುವವರು ಆ ನೆಲ ಯಾವ ವರ್ಗದಲ್ಲಿ ದಾಖಲಾಗಿದೆ ಅಂತ ಮೊದಲು ನೋಡಲಿ.

ಹೆಸರಿಗೆ ಬರುವುದು ಏನು

ಥಾಯ್ಲೆಂಡ್‌ನಲ್ಲಿ ವಿದೇಶಿಯರು ಸಾಮಾನ್ಯವಾಗಿ ನೆಲದ ಒಡೆಯರಾಗುವಂತಿಲ್ಲ. ಕಾಂಡೋ, ಅಂದರೆ ಒಂದೊಂದು ಫ್ಲ್ಯಾಟಿಗೂ ಪ್ರತ್ಯೇಕ ಒಡೆತನವಿರುವ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳಬಹುದು, ಆದರೆ ಒಂದು ಕಟ್ಟಡದ ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49% ಮೀರಬಾರದು. ಲೆಕ್ಕ ಫ್ಲ್ಯಾಟುಗಳ ಸಂಖ್ಯೆಯದಲ್ಲ, ವಿಸ್ತೀರ್ಣದ್ದು. ಆದ್ದರಿಂದ ಮುಂಗಡ ಕೊಡುವ ಮೊದಲು ಕಟ್ಟಡದ ಆಡಳಿತದಿಂದ ವಿದೇಶಿ ಕೋಟಾ ಎಷ್ಟು ಉಳಿದಿದೆ ಅಂತ ಪತ್ರ ಬರೆಸಿಕೊಳ್ಳಿ. ಕೋಟಾ ತುಂಬಿದ್ದರೆ ಭೂ ಕಚೇರಿ ನಿಮ್ಮ ಹೆಸರಿಗೆ ವರ್ಗಾವಣೆ ಮಾಡುವುದೇ ಇಲ್ಲ. ಫಿಲಿಪೀನ್ಸ್‌ನಲ್ಲಿ ಕಾಂಡೋ ಯೋಜನೆಯೊಂದರಲ್ಲಿ ವಿದೇಶಿಯರ ಮಿತಿ 40%. ವಿಯೆಟ್ನಾಂನಲ್ಲಿ ಒಂದು ಕಟ್ಟಡದ ಫ್ಲ್ಯಾಟುಗಳಲ್ಲಿ 30%, ಅದೂ 50 ವರ್ಷದ ಅವಧಿಗೆ. ಇಂಡೋನೇಷ್ಯಾದಲ್ಲಿ 'ಹಕ್ ಮಿಲಿಕ್' ಎಂಬ ಪೂರ್ಣ ಒಡೆತನ ಅಲ್ಲಿನ ನಾಗರಿಕರಿಗೆ ಮಾತ್ರ; ಅಲ್ಲಿ ವಾಸದ ಪರವಾನಗಿ ಇರುವ ವಿದೇಶಿಯರಿಗೆ ಸಿಗುವುದು 'ಹಕ್ ಪಾಕೈ', ಅಂದರೆ ಬಳಕೆಯ ಹಕ್ಕು.

ನೆಲ ಸಿಗದ ಕಡೆ ಏಜೆಂಟರು ಎರಡು ಅಡ್ಡದಾರಿ ತೋರಿಸುತ್ತಾರೆ. ಒಂದು, "30+30+30, ತೊಂಬತ್ತು ವರ್ಷದ ಗುತ್ತಿಗೆ." ಥಾಯ್ಲೆಂಡ್‌ನಲ್ಲಿ ಮನೆ, ಜಾಗದ ಗುತ್ತಿಗೆಗೆ ಕಾನೂನಿನ ಗರಿಷ್ಠ ಮಿತಿ 30 ವರ್ಷ. ಮೂರು ವರ್ಷಕ್ಕಿಂತ ಹೆಚ್ಚಿನದಾದರೆ ಭೂ ಕಚೇರಿಯಲ್ಲಿ ನೋಂದಣಿಯೂ ಆಗಬೇಕು. ಉಳಿದ ಅರವತ್ತು ವರ್ಷ ಮಾಲೀಕ ಕೊಟ್ಟ ಮಾತು, ಅಷ್ಟೇ. ಅವನು ಜಾಗ ಮಾರಿದರೆ ಹೊಸ ಮಾಲೀಕನಿಗೆ ಆ ಮಾತಿನ ಹಂಗಿಲ್ಲ. ಬೆಲೆ ಕಟ್ಟುವಾಗ 30 ವರ್ಷಕ್ಕೆ ಮಾತ್ರ ಕಟ್ಟಿ.

ಎರಡನೆಯದು ಬೇನಾಮಿ: ಸ್ಥಳೀಯನೊಬ್ಬನ ಹೆಸರಿನಲ್ಲಿ, ಅಥವಾ ಹೆಸರಿಗಷ್ಟೇ ಇರುವ ಸ್ಥಳೀಯ ಷೇರುದಾರರ ಕಂಪನಿಯಲ್ಲಿ ನೆಲ ಕೊಳ್ಳುವುದು. ಥಾಯ್ಲೆಂಡ್‌ನಲ್ಲೂ ಫಿಲಿಪೀನ್ಸ್‌ನಲ್ಲೂ ಇದು ಅಪರಾಧ. ಶಿಕ್ಷೆಯ ಮಾತು ಹಾಗಿರಲಿ. ಆ ಸ್ಥಳೀಯ ತಿರುಗಿಬಿದ್ದರೆ ನೀವು ನ್ಯಾಯಾಲಯಕ್ಕೆ ಹೋಗಿ ಹೇಳಬೇಕಾದ ಮೊದಲ ಮಾತೇ "ನಾನು ಕಾನೂನು ತಪ್ಪಿಸಲು ಹೀಗೆ ಮಾಡಿದೆ" ಅಂತ. ಅಲ್ಲಿಗೆ ದಾವೆ ಮುಗಿಯಿತು. ಎಷ್ಟೇ ನಂಬಿಕಸ್ಥರಿರಲಿ, ಈ ದಾರಿ ಹಿಡಿಯಬೇಡಿ.

ಮೆಕ್ಸಿಕೋದವರು ಇದಕ್ಕೆ ಕಾನೂನುಬದ್ಧ ದಾರಿಯನ್ನೇ ಮಾಡಿಟ್ಟಿದ್ದಾರೆ. ಅಲ್ಲಿನ ಸಂವಿಧಾನದ 27ನೇ ವಿಧಿಯ ಪ್ರಕಾರ ಗಡಿಯಿಂದ 100 ಕಿ.ಮೀ., ಕಡಲತೀರದಿಂದ 50 ಕಿ.ಮೀ. ಒಳಗಿನ ನೆಲವನ್ನು ವಿದೇಶಿಯರು ನೇರವಾಗಿ ಹೊಂದುವಂತಿಲ್ಲ. ಹಾಗಾಗಿ ವಾಸದ ಮನೆಯಾದರೆ 'ಫಿದೆಇಕೊಮೀಸೊ' ಎಂಬ ಟ್ರಸ್ಟ್ ಮಾಡಿಸಬೇಕು. ನೆಲ ಬ್ಯಾಂಕಿನ ಹೆಸರಿನಲ್ಲಿರುತ್ತದೆ. ಅದರಲ್ಲಿ ವಾಸಿಸುವ, ಬಾಡಿಗೆಗೆ ಕೊಡುವ, ಮಾರುವ ಹಕ್ಕೆಲ್ಲ ನಿಮ್ಮದು. ಅವಧಿ 50 ವರ್ಷ, ನವೀಕರಿಸಬಹುದು. ಬ್ಯಾಂಕಿಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು. ಆ ಪತ್ರದಲ್ಲೇ ನಿಮ್ಮ ನಂತರದ ಫಲಾನುಭವಿ ಯಾರು ಅಂತ ಬರೆಸಬಹುದು. ಆ ಜಾಗವನ್ನು ಖಾಲಿ ಬಿಡಬೇಡಿ, ಬಿಟ್ಟರೆ ವಾರಸುದಾರರು ಅಲ್ಲಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಇನ್ನು ಸಮುದಾಯದ ಒಡೆತನದ 'ಎಹೀದೊ' ಜಮೀನಿನ ಸಹವಾಸವೇ ಬೇಡ. ಬೆಲೆ ಅಗ್ಗ, ಕಡಲು ಹತ್ತಿರ, ಆದರೆ ನೋಟರಿಯ ಕ್ರಯಪತ್ರದ ಬದಲು "ಹಕ್ಕು ಬಿಟ್ಟುಕೊಡುವ ಪತ್ರ" ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಒಂದು ಹಾಳೆಯನ್ನು ಹತ್ತಿರದಿಂದ ಓದುವುದು

ಸ್ಪೇನ್‌ನ ಉದಾಹರಣೆಯನ್ನೇ ಹಿಡಿಯೋಣ. ಮೊದಲ ಕೆಲಸ ಎನ್‌ಐಇ ಎಂಬ ವಿದೇಶಿಯರ ಗುರುತಿನ ಸಂಖ್ಯೆ. ಅದಿಲ್ಲದೆ ತೆರಿಗೆಯನ್ನೂ ಕಟ್ಟಲಾಗದು, ನೋಂದಣಿಯೂ ಆಗದು. ಪೋರ್ಚುಗಲ್‌ನಲ್ಲಿ ಎನ್‌ಐಎಫ್, ಇಟಲಿಯಲ್ಲಿ ಕೋದಿಚೆ ಫಿಸ್ಕಾಲೆ ಇದೇ ಕೆಲಸಕ್ಕೆ. ಮನೆ ಗೊತ್ತಾದ ಮೇಲೆ ಅರ್ಜಿ ಹಾಕಿದರೆ ವಾರಗಟ್ಟಲೆ ಕಾಯಬೇಕಾಗಬಹುದು, ಹುಡುಕುವ ಮೊದಲೇ ಮಾಡಿಸಿಟ್ಟುಕೊಳ್ಳಿ.

ಆಮೇಲೆ 'ನೋಟಾ ಸಿಂಪ್ಲೆ'. ಆಸ್ತಿ ನೋಂದಣಿ ಕಚೇರಿ ಕೊಡುವ ಚಿಕ್ಕ ದಾಖಲೆ ಇದು, ಆನ್‌ಲೈನ್‌ನಲ್ಲಿ 9 ಯೂರೋ ಚಿಲ್ಲರೆ ಮತ್ತು ತೆರಿಗೆ. ಏಜೆಂಟ್ ಕೊಟ್ಟ ಪ್ರತಿಯನ್ನು ನೆಚ್ಚಿಕೊಳ್ಳದೆ ನೀವೇ ತೆಗೆಸಿ. ಓದಬೇಕಾದದ್ದು ಮೂರು ಭಾಗ. ಮೊದಲನೆಯದು ಆಸ್ತಿಯ ವಿವರ: ಎಷ್ಟು ಚದರ ಮೀಟರ್, ಚೆಕ್ಕುಬಂದಿ ಏನು. ನೀವು ನೋಡಿ ಬಂದ ಮನೆಯಲ್ಲಿ ಮೂರು ಕೋಣೆ, ಒಂದು ಈಜುಕೊಳ ಇದ್ದು ಇಲ್ಲಿ ಎರಡೇ ಕೋಣೆ ಬರೆದಿದ್ದರೆ ಉಳಿದದ್ದು ದಾಖಲೆಯಿಲ್ಲದೆ ಕಟ್ಟಿದ್ದು. ಅದನ್ನು ಸಕ್ರಮ ಮಾಡಿಸುವ ಖರ್ಚು ಮಾರುವವರದೋ ನಿಮ್ಮದೋ ಅಂತ ಆಗಲೇ ತೀರ್ಮಾನವಾಗಬೇಕು. ತೆರಿಗೆಗೆ ಬಳಸುವ ಕತಾಸ್ತ್ರೊ ದಾಖಲೆಯ ಅಳತೆಯನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಎರಡೂ ಹೊಂದದ ಆಸ್ತಿಗಳು ಹಳ್ಳಿಗಾಡಿನಲ್ಲಿ ಅಪರೂಪವಲ್ಲ.

ಎರಡನೆಯ ಭಾಗ ಒಡೆತನ. ಗಂಡ 50%, ಹೆಂಡತಿ 50% ಅಂತಿದ್ದರೆ ಇಬ್ಬರ ಸಹಿಯೂ ಬೇಕು. 'ಉಸುಫ್ರುಕ್ತೊ' ಎಂಬ ಪದ ಕಂಡರೆ ಅಲ್ಲೇ ನಿಲ್ಲಿ: ಬೇರೊಬ್ಬರಿಗೆ, ಬಹಳ ಸಲ ಮನೆಯ ಹಿರಿಯರಿಗೆ, ಬದುಕಿರುವ ತನಕ ಆ ಮನೆಯನ್ನು ಅನುಭವಿಸುವ ಹಕ್ಕಿದೆ ಅಂತ ಅರ್ಥ. ಮೂರನೆಯದು 'ಕಾರ್ಗಾಸ್', ಋಣಭಾರ: ಅಡಮಾನ, ಜಪ್ತಿ, ದಾರಿಯ ಹಕ್ಕು ಎಲ್ಲ ಇಲ್ಲಿರುತ್ತವೆ. ಮಾರುವವರು "ಸಾಲ ಎಂದೋ ತೀರಿದೆ" ಅನ್ನಬಹುದು, ಅದು ನಿಜವೂ ಇರಬಹುದು. ಆದರೆ ಸಾಲ ತೀರಿದ ಮಾತ್ರಕ್ಕೆ ನೋಂದಣಿಯಲ್ಲಿನ ಅಡಮಾನ ತಾನಾಗಿ ಅಳಿಸಿಹೋಗುವುದಿಲ್ಲ. ರದ್ದತಿ ಪತ್ರ ಮಾಡಿಸಿ ನೋಂದಣಿಯಾಗಬೇಕು. ಸಹಿಯ ದಿನ ಇನ್ನೊಂದು ಸಲ ಪರಿಶೀಲಿಸಿ, ಒಂದು ತಿಂಗಳಲ್ಲಿ ಹೊಸ ಜಪ್ತಿ ಬಂದು ಕೂರುವುದೂ ಉಂಟು.

ನೋಟಾ ಸಿಂಪ್ಲೆಯಲ್ಲಿ ಕಾಣದ ಬಾಕಿ ಇನ್ನೊಂದಿದೆ. ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ ಹಳೆಯ ಮಾಲೀಕ ಕಟ್ಟದೆ ಬಿಟ್ಟಿದ್ದರೆ ಆ ವರ್ಷದ ಮತ್ತು ಹಿಂದಿನ ಮೂರು ವರ್ಷಗಳ ಬಾಕಿ ಆಸ್ತಿಯ ಬೆನ್ನು ಹತ್ತಿ ನಿಮಗೆ ಬರುತ್ತದೆ. ಮಾಲೀಕರ ಸಂಘದ ಬಾಕಿಯಿಲ್ಲದ ಪ್ರಮಾಣಪತ್ರ ಕೇಳಿ. ಜೊತೆಗೆ ಸಂಘದ ಕಡೆಯ ಎರಡು ಮೂರು ಸಭೆಗಳ ನಡಾವಳಿಯನ್ನೂ ಕೇಳಿ. ಚಾವಣಿ ಸೋರುತ್ತಿದೆ, ಲಿಫ್ಟ್ ಬದಲಿಸಬೇಕು ಎಂಬ ಚರ್ಚೆ ಅಲ್ಲಿದ್ದರೆ ಆ ಖರ್ಚಿನ ಪಾಲು ನಾಳೆ ನಿಮ್ಮದೇ.

ಇದೆಲ್ಲ ನೋಡುವುದು ವಕೀಲರ ಕೆಲಸ, ನೋಟರಿಯದಲ್ಲ. ಸ್ಪೇನ್, ಫ್ರಾನ್ಸ್, ಜರ್ಮನಿಗಳಲ್ಲಿ ನೋಟರಿ ದೊಡ್ಡ ಅಧಿಕಾರಿಯೇ ಹೌದು, ಆದರೆ ಇಬ್ಬರಿಗೂ ಸಮಾನ. ನೀವು ಕೊಡುತ್ತಿರುವ ಬೆಲೆ ಹೆಚ್ಚಾಯಿತು, ಈ ಷರತ್ತು ನಿಮಗೆ ಮುಳುವು ಅಂತ ಅವರು ಹೇಳಬೇಕಾಗಿಲ್ಲ. ವಕೀಲರನ್ನು ನೀವೇ ಹುಡುಕಿ; ಏಜೆಂಟ್ ಅಥವಾ ಬಿಲ್ಡರ್ ಪರಿಚಯಿಸಿದವರು ಬೇಡ.

ಮುಂಗಡದ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸ್ಪೇನ್‌ನಲ್ಲಿ 'ಆರ್ರಾಸ್' ಕರಾರಿಗೆ ರೂಢಿಯಂತೆ 10%. 'ಆರ್ರಾಸ್ ಪೆನಿತೆನ್ಸಿಯಾಲೆಸ್', ಅಂದರೆ ಹಿಂದೆ ಸರಿಯಲು ಅವಕಾಶವಿರುವ ಆರ್ರಾಸ್ ಅಂತ ಬರೆದಿದ್ದರೆ ನೀವು ಹಿಂದೆ ಸರಿದಾಗ ಅಷ್ಟೂ ಹೋಗುತ್ತದೆ, ಮಾರುವವರು ಸರಿದರೆ ಎರಡರಷ್ಟು ಕೊಡಬೇಕು. ಬ್ಯಾಂಕ್ ಸಾಲ ಸಿಗದಿದ್ದರೆ ಮುಂಗಡ ವಾಪಸ್ ಎಂಬ ಸಾಲನ್ನು ನೀವೇ ಸೇರಿಸಬೇಕು, ತಾನಾಗಿ ಇರುವುದಿಲ್ಲ. ಫ್ರಾನ್ಸ್‌ನಲ್ಲಿ ಮನೆ ಕೊಳ್ಳುವವರಿಗೆ ಕರಾರಾದ ಮೇಲೂ 10 ದಿನ ಮನಸ್ಸು ಬದಲಿಸಲು ಅವಕಾಶವಿದೆ. ಇಂಗ್ಲೆಂಡ್‌ನಲ್ಲಿ ಕರಾರುಪತ್ರಗಳ ವಿನಿಮಯವಾಗುವ ತನಕ ಯಾರಿಗೂ ಕಟ್ಟುಪಾಡಿಲ್ಲ. ತಪಾಸಣೆಗೆ ಖರ್ಚು ಮಾಡಿದ ಮೇಲೂ ಹೆಚ್ಚು ಕೊಡುವ ಇನ್ನೊಬ್ಬರ ಪಾಲಾಗಬಹುದು.

ಕಟ್ಟುತ್ತಿರುವ ಮನೆಯಾದರೆ ದುಡ್ಡು ಯಾವ ಖಾತೆಗೆ ಹೋಗುತ್ತದೆ ಎಂಬುದೇ ಮುಖ್ಯ. ದುಬೈನಲ್ಲಿ 2007ರ ಕಾನೂನಿನಂತೆ ಪ್ರತಿ ಯೋಜನೆಗೂ ಪ್ರತ್ಯೇಕ ಎಸ್ಕ್ರೋ ಖಾತೆ, ಅಂದರೆ ಆ ಕಟ್ಟಡದ ಕೆಲಸಕ್ಕೆ ಮಾತ್ರ ಹಣ ತೆಗೆಯಬಹುದಾದ ಖಾತೆ ಇರಬೇಕು. ಕಂತು ಆ ಖಾತೆಗೇ ಹೋಗಬೇಕು, ಬಿಲ್ಡರ್ ಕಂಪನಿಯ ಖಾತೆಗಾಗಲಿ ಏಜೆಂಟ್ ಖಾತೆಗಾಗಲಿ ಅಲ್ಲ. ಭೂ ಇಲಾಖೆಯ 4% ಶುಲ್ಕ ಕಟ್ಟಿದ ಮೇಲೆ 'ಊಕೂದ್' ಎಂಬ ತಾತ್ಕಾಲಿಕ ನೋಂದಣಿಯಲ್ಲಿ ನಿಮ್ಮ ಹೆಸರು ಬಂತೇ ಅಂತ ನೋಡಿ. ಬರೀ ಬುಕಿಂಗ್ ಫಾರಂ ಇಟ್ಟುಕೊಂಡು ಕೂರಬೇಡಿ.

ಹಣದ ದಾರಿ

ಮತ್ತೆ ಥಾಯ್ಲೆಂಡ್‌ಗೆ ಬರೋಣ, ಯಾಕೆಂದರೆ ಈ ತಪ್ಪು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವಿದೇಶಿ ಕೋಟಾದಲ್ಲಿ ಕಾಂಡೋ ಕೊಳ್ಳಬೇಕಾದರೆ ಹಣ ಸಾಮಾನ್ಯವಾಗಿ ವಿದೇಶಿ ಕರೆನ್ಸಿಯಲ್ಲೇ ಒಳಗೆ ಬಂದು, ಅಲ್ಲಿನ ಬ್ಯಾಂಕಿನಲ್ಲಿ ಅಲ್ಲಿನ ಕರೆನ್ಸಿಯಾದ ಬಾತ್ ಆಗಿ ಬದಲಾಗಬೇಕು. 50,000 ಡಾಲರ್ ಅಥವಾ ಹೆಚ್ಚಿನ ಮೊತ್ತಕ್ಕೆ ಬ್ಯಾಂಕ್ ವಿದೇಶಿ ವಿನಿಮಯ ವಹಿವಾಟಿನ ನಮೂನೆ ಕೊಡುತ್ತದೆ, ಕಡಿಮೆಯಿದ್ದರೆ ಒಂದು ಪತ್ರ. ವರ್ಗಾವಣೆಯ ದಿನ ಭೂ ಕಚೇರಿ ಇದನ್ನೇ ಕೇಳುವುದು. ದರ ಚೆನ್ನಾಗಿದೆ ಅಂತ ಮೊದಲೇ ಬಾತ್‌ಗೆ ಬದಲಿಸಿ ಕಳಿಸಿದರೆ ಆ ನಮೂನೆ ಸಿಗುವುದಿಲ್ಲ. ಹಣ ಅಣ್ಣನ ಖಾತೆಯಿಂದ ಹೋಗಿ ಕ್ರಯ ತಮ್ಮನ ಹೆಸರಿಗೆ ಆದರೂ ತಕರಾರು. ಕಳಿಸುವಾಗ ಉದ್ದೇಶದ ಜಾಗದಲ್ಲಿ ಕಾಂಡೋ ಖರೀದಿಗೆ ಅಂತ ಕಟ್ಟಡದ ಹೆಸರು, ಫ್ಲ್ಯಾಟ್ ಸಂಖ್ಯೆ ಸಮೇತ ಬರೆಸಿ. ಮುಂದೆ ಮಾರಿ ಹಣ ಹೊರಗೆ ತರುವಾಗಲೂ ಅದೇ ಹಾಳೆ ಆಸರೆ. ಟರ್ಕಿಯಲ್ಲೂ ವಿದೇಶಿಯರು ಹಕ್ಕುಪತ್ರ ಪಡೆಯುವ ಮೊದಲು ವಿದೇಶಿ ಕರೆನ್ಸಿ ಮಾರಿದ ಪ್ರಮಾಣಪತ್ರ ತೋರಿಸುವ ವ್ಯವಸ್ಥೆಯನ್ನು 2022ರಲ್ಲಿ ತಂದಿದ್ದರು. ನಿಮ್ಮ ದೇಶದಿಂದ ವರ್ಷಕ್ಕೆ ಎಷ್ಟು ಹಣ ಹೊರಗೆ ಕಳಿಸಬಹುದು ಎಂಬ ಮಿತಿಯಿದ್ದರೆ ಕಂತುಗಳ ದಿನಾಂಕವನ್ನು ಅದಕ್ಕೆ ಹೊಂದಿಸಿ ಕರಾರು ಮಾಡಿಕೊಳ್ಳಿ, ಕರಾರಾದ ಮೇಲೆ ಯೋಚಿಸಿದರೆ ತಡವಾಗುತ್ತದೆ.

ದೇಶದೇಶಗಳ ಬ್ಯಾಂಕುಗಳನ್ನು ಜೋಡಿಸುವ ಸ್ವಿಫ್ಟ್ ಜಾಲದ ಮೂಲಕ ಕಳಿಸಿದ ಹಣದಲ್ಲಿ ನಡುವಿನ ಬ್ಯಾಂಕುಗಳು ಶುಲ್ಕ ಮುರಿದುಕೊಳ್ಳುವುದರಿಂದ ಸೇರಬೇಕಾದ ಮೊತ್ತ ಸ್ವಲ್ಪ ಕಡಿಮೆಯಾಗುತ್ತದೆ, ಆ ಸ್ವಲ್ಪಕ್ಕೇ ಸಹಿ ನಿಂತುಹೋಗುತ್ತದೆ. ಎಲ್ಲ ಶುಲ್ಕ ಕಳಿಸುವವರದೇ ಎಂಬ ಆಯ್ಕೆ ಹಾಕಿ, ಕೊಂಚ ಹೆಚ್ಚೇ ಕಳಿಸಿ. ಸಹಿಗೆ ಒಂದು ವಾರ ಮೊದಲು ಹಣ ಅಲ್ಲಿರಲಿ. ಹಣದ ಮೂಲ ಕೇಳಿ ಬ್ಯಾಂಕ್ ತಡೆಹಿಡಿದರೆ ಉತ್ತರ ಕೊಡಲು ಸಮಯ ಸಿಗುತ್ತದೆ. ಸಂಬಳದ ಚೀಟಿ, ಹಳೆಯ ಆಸ್ತಿಯ ಕ್ರಯಪತ್ರ, ತಂದೆತಾಯಿ ಕೊಟ್ಟದ್ದಾದರೆ ದಾನಪತ್ರ, ಇವನ್ನೆಲ್ಲ ಮೊದಲೇ ಭಾಷಾಂತರ ಮಾಡಿಸಿಡಿ. ಕಡೆಯ ಗಳಿಗೆಯಲ್ಲಿ "ನಮ್ಮ ಖಾತೆ ಸಂಖ್ಯೆ ಬದಲಾಗಿದೆ" ಅಂತ ವಕೀಲರ ಹೆಸರಲ್ಲಿ ಇಮೇಲ್ ಬಂದರೆ ಅದು ವಂಚಕರದು ಅಂತಲೇ ತಿಳಿಯಿರಿ. ನಿಮ್ಮ ಬಳಿ ಮೊದಲಿಂದ ಇರುವ ಸಂಖ್ಯೆಗೆ ಫೋನ್ ಮಾಡಿ, ದನಿ ಕೇಳಿ ಖಚಿತಪಡಿಸಿಕೊಂಡ ಮೇಲಷ್ಟೇ ಹಣ ಕಳಿಸಿ.

ಕೈಯಲ್ಲಿ ಎಷ್ಟಿರಬೇಕು ಎಂಬುದಕ್ಕೆ ಒಂದು ಲೆಕ್ಕ. ಸ್ಪೇನ್‌ನಲ್ಲಿ 2,00,000 ಯೂರೋದ ಹಳೆಯ ಮನೆ, ವರ್ಗಾವಣೆ ತೆರಿಗೆ 10% ಇರುವ ಪ್ರಾಂತ್ಯ ಅಂದುಕೊಳ್ಳಿ. ತೆರಿಗೆ 20,000, ವಕೀಲರು, ನೋಟರಿ, ನೋಂದಣಿಗೆ ಸುಮಾರು 4,000 ಇಟ್ಟುಕೊಂಡರೆ ಮೇಲುಖರ್ಚೇ 24,000. ಬ್ಯಾಂಕ್ 70% ಸಾಲ ಕೊಟ್ಟರೆ ನಿಮ್ಮ ಕೈಯಿಂದ 60,000 ಮತ್ತು 24,000, ಒಟ್ಟು 84,000. ಆದರೆ ಬ್ಯಾಂಕಿನ ಮೌಲ್ಯಮಾಪಕ ಆ ಮನೆಗೆ 1,80,000 ಅಂತ ಬೆಲೆ ಕಟ್ಟಿದರೆ ಸಾಲ 1,26,000ಕ್ಕೆ ಇಳಿಯುತ್ತದೆ, ನೀವು 98,000 ತರಬೇಕು. ಮುಂಗಡ ಕೊಟ್ಟು ಎರಡು ತಿಂಗಳಲ್ಲಿ ವಿನಿಮಯ ದರ 4% ತಿರುಗಿದರೆ ಪೂರ್ತಿ ಬೆಲೆಯ ಮೇಲೆ 8,000 ಯೂರೋ ಅತ್ತಿತ್ತ. ಇಂಥ ಕಡೆ ದರವನ್ನು ಮೊದಲೇ ಗೊತ್ತುಮಾಡುವ ಫಾರ್ವರ್ಡ್ ಕರಾರು ಮಾಡಿಕೊಳ್ಳುವುದು ಒಳ್ಳೆಯದು. ದರ ಇಳಿದೀತು ಅಂತ ಕಾಯುವುದು ಜೂಜು.

ಮಾರುವ ದಿನದ ಕಡಿತವನ್ನೂ ಈಗಲೇ ತಿಳಿದಿರಿ. ಸ್ಪೇನ್‌ನಲ್ಲಿ ಮಾರುವವರು ಅಲ್ಲಿ ವಾಸವಿಲ್ಲದಿದ್ದರೆ ಕೊಳ್ಳುವವರು ಬೆಲೆಯ 3% ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ 15%, ಅದೂ ಲಾಭದ ಮೇಲಲ್ಲ, ಪೂರ್ತಿ ಮಾರಾಟ ಬೆಲೆಯ ಮೇಲೆ. 4,00,000 ಡಾಲರಿಗೆ ಮಾರಿದರೆ ನಷ್ಟವಾಗಿದ್ದರೂ 60,000 ಮೊದಲು ಹೋಗುತ್ತದೆ, ಲೆಕ್ಕ ಸಲ್ಲಿಸಿ ಹೆಚ್ಚಾದದ್ದನ್ನು ವಾಪಸ್ ಪಡೆಯಬೇಕು. ಮಾರಾಟ ಮುಗಿಯುವ ಮೊದಲೇ ಕಡಿತ ಇಳಿಸುವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಈ ಭಾರ ಕಡಿಮೆಯಾಗುತ್ತದೆ. ಮನೆಗೆ ಮಾಡಿಸಿದ ದೊಡ್ಡ ಕೆಲಸಗಳ ಬಿಲ್ಲುಗಳನ್ನೆಲ್ಲ ಇಟ್ಟುಕೊಳ್ಳಿ. ಬಿಲ್ ಇಲ್ಲದ ಅಡುಗೆಮನೆ ಎಷ್ಟೇ ಚೆಂದವಿದ್ದರೂ ತೆರಿಗೆಯ ಲೆಕ್ಕಕ್ಕೆ ಸಿಗದು.

ವೀಸಾ, ಬಾಡಿಗೆ

ಮನೆ ಕೊಂಡರೆ ವಾಸದ ಹಕ್ಕು ಬರುತ್ತದೆ ಎಂಬುದು ಹಳೆಯ ಮಾತು. ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ ಹೂಡಿಕೆ ಮಾಡಿದವರಿಗೆ ವಾಸದ ಹಕ್ಕು ಕೊಡುವ 'ಗೋಲ್ಡನ್ ವೀಸಾ'ದಿಂದ ಆಸ್ತಿ ಖರೀದಿಯನ್ನು ತೆಗೆದುಹಾಕಿತು, ಸ್ಪೇನ್ 2025ರ ಏಪ್ರಿಲ್ 3ರಂದು ಆ ವೀಸಾವನ್ನೇ ನಿಲ್ಲಿಸಿತು. ಗ್ರೀಸ್‌ನಲ್ಲಿ ಇನ್ನೂ ಇದೆ, ಆದರೆ ಅಥೆನ್ಸ್ ಸುತ್ತಮುತ್ತ, ಥೆಸಲೊನೀಕಿ, ದೊಡ್ಡ ದ್ವೀಪಗಳಲ್ಲಿ 8,00,000 ಯೂರೋ ಬೇಕು. ದೀರ್ಘಾವಧಿ ವಾಸದ ವೀಸಾ ಇಲ್ಲದಿದ್ದರೆ ಷೆಂಗೆನ್ (ಒಂದೇ ಪ್ರವಾಸಿ ವೀಸಾ ನಡೆಯುವ ಯುರೋಪಿನ) ದೇಶಗಳಲ್ಲಿ ನಿಮ್ಮದೇ ಮನೆಯಲ್ಲೂ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು.

ಪ್ರವಾಸಿಗರಿಗೆ ಬಾಡಿಗೆ ಕೊಟ್ಟು ಸಾಲ ತೀರಿಸುವ ಲೆಕ್ಕ ಹಾಕಿದವರು ಪರವಾನಗಿ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಲಿ. ಬಾರ್ಸಿಲೋನಾ 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಗಳನ್ನೆಲ್ಲ ಕೊನೆಗೊಳಿಸುವುದಾಗಿ ಹೇಳಿದೆ. ಸ್ಪೇನ್‌ನಲ್ಲಿ 2025ರ ಏಪ್ರಿಲ್‌ನಿಂದ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರಿಗೆ ಮಾಲೀಕರ ಸಂಘದ ಐದರಲ್ಲಿ ಮೂರು ಪಾಲಿನ ಒಪ್ಪಿಗೆಯೂ ಬೇಕು. ಬಾಡಿಗೆಗೆ ಕೊಡದೆ ಸುಮ್ಮನೆ ಬೀಗ ಹಾಕಿಟ್ಟರೂ ಅಲ್ಲಿ ವಾಸವಿಲ್ಲದ ಮಾಲೀಕರು ವರ್ಷಕ್ಕೊಮ್ಮೆ ಊಹಿತ ಆದಾಯದ ಮೇಲೆ ತೆರಿಗೆ ಕಟ್ಟಬೇಕು. ಇದನ್ನು ಮರೆತವರಿಗೆ ನೆನಪಾಗುವುದು ಮಾರುವಾಗ, ಹಿಡಿದಿಟ್ಟ 3% ವಾಪಸ್ ಕೇಳಿದಾಗ.

ನೀವಿಲ್ಲದಾಗ

ಎಲ್ಲ ಸಹಿಗೂ ಖುದ್ದಾಗಿ ಹೋಗಲಾಗದು. ಪವರ್ ಆಫ್ ಅಟಾರ್ನಿ ಕೊಡುವುದಾದರೆ ಇಂಥದೇ ಆಸ್ತಿ, ಇಂಥದೇ ಕೆಲಸ, ಇಷ್ಟು ಮೊತ್ತದೊಳಗೆ, ಇಂಥ ದಿನಾಂಕದವರೆಗೆ ಅಂತ ಬಿಗಿಯಾಗಿ ಬರೆಸಿ. ಒಬ್ಬರ ದಾಖಲೆಯನ್ನು ಇನ್ನೊಬ್ಬರು ಸುಲಭವಾಗಿ ಒಪ್ಪುವ 1961ರ ಹೇಗ್ ಒಪ್ಪಂದದಲ್ಲಿ ಎರಡೂ ದೇಶಗಳಿದ್ದರೆ 'ಅಪೊಸ್ಟೀಲ್' ಎಂಬ ದೃಢೀಕರಣ ಮುದ್ರೆ ಸಾಕು, ಇಲ್ಲದಿದ್ದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು. ಹೆಚ್ಚು ಕಾಗದ ತಿರಸ್ಕಾರವಾಗುವುದು ಹೆಸರಿನ ವಿಷಯಕ್ಕೆ: ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು. ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಎಲ್ಲ ಕಡೆ ಬಳಸಿ.

ಉಯಿಲಿನ ಮಾತನ್ನು ಬಹಳ ಜನ ಮುಂದಕ್ಕೆ ಹಾಕುತ್ತಾರೆ. ಅಮೆರಿಕದಲ್ಲಿ ವಾಸವಿಲ್ಲದ ವಿದೇಶಿಯರ ಅಲ್ಲಿನ ಆಸ್ತಿಗೆ ಮರಣ ತೆರಿಗೆಯಲ್ಲಿ ವಿನಾಯಿತಿ ಬರೀ 60,000 ಡಾಲರ್. ಬ್ರಿಟನ್‌ನಲ್ಲಿ 3,25,000 ಪೌಂಡ್ ಮೀರಿದ್ದಕ್ಕೆ 40%. ಥಾಯ್ಲೆಂಡ್‌ನಲ್ಲಿ ಕಾಂಡೋ ವಾರಸಾಗಿ ಬಂದ ವಿದೇಶಿಯರು ಒಡೆತನಕ್ಕೆ ಅರ್ಹರಲ್ಲದಿದ್ದರೆ ಒಂದು ವರ್ಷದೊಳಗೆ ಮಾರಬೇಕು. ಯುರೋಪಿಯನ್ ಒಕ್ಕೂಟದ ಬಹುಪಾಲು ದೇಶಗಳಲ್ಲಿ 2015ರ ಆಗಸ್ಟ್ 17ರಿಂದ ಒಂದು ಅನುಕೂಲವಿದೆ: ನನ್ನ ಆಸ್ತಿಯ ಹಂಚಿಕೆ ನನ್ನ ಪೌರತ್ವದ ದೇಶದ ಕಾನೂನಿನಂತೆ ಆಗಲಿ ಅಂತ ಉಯಿಲಿನಲ್ಲಿ ಬರೆಯಬಹುದು. ಬರೆಯದಿದ್ದರೆ ಸಾಯುವಾಗ ನೀವು ವಾಸವಿದ್ದ ದೇಶದ ಕಾನೂನು ಅನ್ವಯಿಸುತ್ತದೆ.

ಆಸ್ತಿ ಇರುವ ದೇಶದಲ್ಲಿ, ಅಲ್ಲಿನ ಭಾಷೆಯಲ್ಲಿ, ಆ ಆಸ್ತಿಗೆ ಮಾತ್ರ ಒಂದು ಪ್ರತ್ಯೇಕ ಉಯಿಲು ಮಾಡಿಸಿ. ಮಾಡಿಸುವಾಗ ಮೊದಲ ಸಾಲುಗಳನ್ನು ನಿಧಾನವಾಗಿ ಓದಿ. "ಈ ಹಿಂದೆ ಬರೆದ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ" ಎಂಬ ಅಚ್ಚಿನ ವಾಕ್ಯ ಅಲ್ಲಿದ್ದರೆ ಮನೆಯಲ್ಲಿಟ್ಟ ಉಯಿಲೂ ಅದರೊಂದಿಗೆ ಹೋಗಿಬಿಡಬಹುದು. "ಈ ದೇಶದಲ್ಲಿರುವ ಆಸ್ತಿಗೆ ಸಂಬಂಧಿಸಿದ" ಎಂಬ ಮಾತನ್ನು ಆ ವಾಕ್ಯಕ್ಕೆ ಸೇರಿಸಿದ ಮೇಲೆ ಸಹಿ ಹಾಕಿ.